ಯೋಚಿಸಲು ಸಾಲದ ದಾರಿ

ಮದುವೆಯಾಗೋಣ, ಲಾ ಪಾಸ್‌ಗೆ ಬಂದುಬಿಡಿ ಎಂದಿದ್ದ ಅನಾಕ್ಲೆತೊಗೆ ಏನು ಉತ್ತರ ಕೊಡಬೇಕೆಂಬುದನ್ನು ಸಬೀನಾ ಬಸ್ಸಿಗೇ ಬಿಟ್ಟಿದ್ದಳು. ಕಣಿವೆಯ ನಮ್ಮ ಕೊಚಬಾಂಬಾದಿಂದ ಗುಡ್ಡದಾಚೆ ಎತ್ತರದಲ್ಲಿರುವ ಲಾ ಪಾಸ್‌ಗೆ ಎಂಟು ಗಂಟೆಯ ಪ್ರಯಾಣ. ಗುಡ್ಡ ಹತ್ತುವಾಗ ಒಲ್ಲೆ ಎನ್ನಲು ಕಾರಣಗಳನ್ನು ಹುಡುಕುವುದು, ಮೇಲಿನ ಬಯಲು ಸಿಕ್ಕಮೇಲೆ ಒಪ್ಪಲು ಕಾರಣಗಳನ್ನು. ಊರು ಕಾಣುವಷ್ಟರಲ್ಲಿ ಮನಸ್ಸು ಒಂದು ಕಡೆ ವಾಲಿರುತ್ತದೆ. ಗಂಡ ತೀರಿಕೊಂಡ ಮೇಲೆ ಸಂತೆಯಲ್ಲಿ ಶೇಂಗಾ ಸಾರು ಮಾರಿ ಬದುಕಿದವಳು. ದೊಡ್ಡ ತೀರ್ಮಾನಗಳನ್ನೆಲ್ಲ ಬಸ್ಸಿನ ಕಿಟಕಿ ಪಕ್ಕ ಕೂತೇ ಮಾಡಿದ್ದಳು.

ಆ ವಾರ ಮುಷ್ಕರದವರು ಹೆದ್ದಾರಿಗೆ ಕಲ್ಲು ಅಡ್ಡ ಹಾಕಿದರು. ಅಕ್ಕನ ಮಗಳು ನೊರ್ಕಾ ವಿಮಾನದ ಟಿಕೆಟ್ ತಂದಳು.

"ಎಷ್ಟು ಹೊತ್ತಾಗುತ್ತೆ?"

"ಮುಕ್ಕಾಲು ಗಂಟೆನೂ ಇಲ್ಲ ಚಿಕ್ಕಮ್ಮ. ಹತ್ತೋದು, ಇಳಿಯೋದು."

"ಅಷ್ಟರಲ್ಲಿ ನಾನು ಲಂಗ ಸರಿಮಾಡ್ಕೊಂಡು ಕೂರೋದೂ ಮುಗಿಯಲ್ವಲ್ಲೇ! ನಿಧಾನಕ್ಕೆ ಹೋಗೋ ವಿಮಾನ ಇಲ್ವಾ?"

ನೊರ್ಕಾ ಬಿದ್ದು ಬಿದ್ದು ನಕ್ಕಳು.

ವಿಮಾನ ಏರಿತು. ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಸಬೀನಾ ಮೊದಲ ಕಾರಣ ಹಿಡಿದಳು: ತನ್ನ ಅಂಗಡಿ. ಎರಡನೆಯದಕ್ಕೆ ಬರುವಷ್ಟರಲ್ಲಿ ಹಣ್ಣಿನ ರಸ ಬಂತು. ಖಾಲಿ ಲೋಟ ಎಲ್ಲಿಡುವುದೆಂದು ನೋಡುತ್ತಿರುವಾಗಲೇ ಕಿವಿ ಕಟ್ಟಿತು, ಗಾಲಿ ನೆಲ ಮುಟ್ಟಿತು. ಗುಡ್ಡ ಯಾವಾಗ ದಾಟಿದೆವು? ಯಾರನ್ನು ಕೇಳುವುದೆಂದೂ ತಿಳಿಯಲಿಲ್ಲ.

ಲಾ ಪಾಸ್‌ನ ನೆತ್ತಿಯ ಮೇಲಿರುವ ಎಲ್ ಆಲ್ತೊದ ವಿಮಾನ ನಿಲ್ದಾಣದ ಬಾಗಿಲಲ್ಲಿ ಅನಾಕ್ಲೆತೊ ನಿಂತಿದ್ದ. ಹೆಂಗಸರ ಲಂಗ ಹೊಲಿಯುವ ದರ್ಜಿ, ವಿಧುರ. ನೆಂಟರ ಮದುವೆಯೊಂದರಲ್ಲಿ ಪರಿಚಯವಾದ ಮೇಲೆ ಸಾರಿನ ನೆಪದಲ್ಲಿ ಎರಡು ಸಲ ಕೊಚಬಾಂಬಾಕ್ಕೆ ಇಳಿದು ಬಂದು, ತನ್ನ ಮನೆಯ ಬಾಗಿಲು, ಕೋಣೆಗಳನ್ನೆಲ್ಲ ವರ್ಣಿಸಿ ಹೋಗಿದ್ದ.

"ಬಂದೇಬಿಟ್ರಾ?"

"ಏನಂದ್ರಿ? ಕಿವಿ ಕಟ್ಟಿದೆ."

"ಬಂದೇಬಿಟ್ರಾ ಅಂದೆ! ನಾನಿನ್ನೂ ಮನೆ ಗುಡಿಸಿಲ್ಲ."

"ನಾನೂ ಯೋಚ್ನೆ ಮುಗಿಸಿಲ್ಲ ಕಣ್ರೀ. ಮೈ ಮಾತ್ರ ಇಲ್ಲಿಗೆ ಬಂದಿದೆ. ಮನಸ್ಸು ಇನ್ನೂ ಗುಡ್ಡದ ಬುಡದಲ್ಲೇ ಇದೆ."

ಇದು ಒಲ್ಲೆ ಎಂದ ಹಾಗೋ, ತಮಾಷೆಯೋ? ಅನಾಕ್ಲೆತೊಗೆ ತಿಳಿಯಲಿಲ್ಲ. ಎತ್ತರದ ಗಾಳಿಗೆ ಅವಳು ಏದುಸಿರು ಬಿಡುತ್ತಿದ್ದಳು. ಹೊರಗಿನ ಬೆಂಚಿನಲ್ಲಿ ಕೂರಿಸಿ ಕೋಕಾ ಎಲೆಯ ಕಷಾಯ ತಂದುಕೊಟ್ಟ.

"ಎಲ್ಲಿವರೆಗೆ ಯೋಚ್ನೆ ಮಾಡಿದ್ರಿ?"

"ನನ್ನ ಅಂಗಡಿವರೆಗೆ."

"ಇಲ್ಲೂ ಸಂತೆ ಇದೆ."

"ಇಲ್ಲಿ ಈ ಎತ್ತರಕ್ಕೆ ನೀರು ಕುದಿದ್ರೂ ಆಲೂಗಡ್ಡೆ ಬೇಗ ಬೇಯಲ್ಲ."

"ಬೆಳಿಗ್ಗೆ ಇನ್ನೂ ಬೇಗ ಒಲೆ ಹಚ್ಚಿದ್ರಾಯ್ತು."

"ನನ್ನ ಒಲೆ ನಿಮ್ಮ ಬಾಗಿಲಲ್ಲಿ ಹಿಡಿಯಲ್ಲ."

"ಬಾಗಿಲು ಅಗಲ ಮಾಡಿಸ್ತೀನಿ."

"ಹೊಗೆ ಬಟ್ಟೆಗೆಲ್ಲ ಹತ್ತುತ್ತೆ. ಹೊಲಿಗೆ ಯಂತ್ರ ಒಳಗಿನ ಕೋಣೆಗೆ ಹಾಕ್ಬೇಕು. ಕಿಟಕಿಗೊಂದು ದಪ್ಪ ಪರದೆ ಹೊಲೀರಿ."

ಅನಾಕ್ಲೆತೊ ಅವಳನ್ನೇ ನೋಡಿದ. "ಇದು... ಒಪ್ಪಿದ ಹಾಗಾ?"

ಸಬೀನಾ ಲೋಟ ಕೆಳಗಿಟ್ಟಳು. "ಗೊತ್ತಿಲ್ಲ ನಂಗೆ. ಒಲ್ಲೆ ಅನ್ನೋಕೆ ಕಾರಣ ಹೇಳ್ತಾ ಇದ್ದೆ. ಅದ್ಯಾವಾಗ ಹೀಗಾಯ್ತೋ!"

ಅನಾಕ್ಲೆತೊ ಒಲೆಯ ಅಗಲ ಎಷ್ಟೆಂದು ಕೇಳಿದ; ಸಬೀನಾ ಎರಡೂ ಕೈ ಚಾಚಿ ತೋರಿಸಿದಳು.

ರಸ್ತೆ ತೆರೆದ ಮೇಲೆ ಸಬೀನಾಳ ಜೊತೆ ಅವಳ ಒಲೆಯೂ ಈರುಳ್ಳಿ ಲಾರಿಯಲ್ಲಿ ಅನಾಕ್ಲೆತೊನ ಮನೆಗೆ ಹೋಯಿತು. ಅಗಲ ಮಾಡಿಸಿದ ಬಾಗಿಲಿಗೂ ಅದು ನಾಲ್ಕು ಬೆರಳು ದೊಡ್ಡದಾಯಿತು. ಈಗ ಅಂಗಳದಲ್ಲೇ ತಗಡಿನ ಸೂರಿನ ಕೆಳಗೆ ಉರಿಯುತ್ತದೆ, ಹೊಗೆ ಪಕ್ಕದ ಮನೆಗೆ ಹೋಗುತ್ತದೆ.