ಕೆಜಿಗೆ ಕೆಜಿ

"ಏಯ್ ಚಿಂದೀ, ಅದೇನೇ ತಿರುವಿ ತಿರುವಿ ನೋಡ್ತಿದೀಯ? ಕಲೆಕ್ಟರ್ ಆಗ್ಬೇಕೇನೇ ನಿಂಗೆ? ತಂದು ತಕ್ಕಡಿಗೆ ಹಾಕೇ, ಮುಂಡೆ!"

ಗುಜರಿ ಸಾವ್ಕಾರ ಕೂತಲ್ಲಿಂದಲೇ ಕೂಗಿದ. ಚಿಂದಿ ಎಂದರೆ ಅವಳೇ. ಅವ್ವ ಇಟ್ಟ ಹೆಸರು ಬೇರೆ ಇತ್ತು. ಈ ಅಂಗಡಿಯಲ್ಲಿ ಕಾಗದ, ತಗಡು, ಪ್ಲಾಸ್ಟಿಕ್ಕು ಬೇರೆ ಮಾಡಲು ಕೂತ ಮೇಲೆ ಅದು ಯಾರ ಬಾಯಲ್ಲೂ ಉಳಿಯಲಿಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ರದ್ದಿಯ ರಾಶಿಯಿಂದ ಬೈಂಡು ಗಟ್ಟಿಯಿದ್ದ ಪುಸ್ತಕಗಳನ್ನು ಹೆಕ್ಕಿ ತೊಡೆಯ ಪಕ್ಕಕ್ಕೆ ಸರಿಸಿಕೊಳ್ಳುತ್ತಿದ್ದಳು.

"ಸಾವ್ಕಾರ್ರೇ, ಇವನ್ನ ನಂಗೆ ಕೊಟ್ಬಿಡಿ."

"ಯಾಕೆ, ಒಲೆಗೆ ಹಾಕೋಕಾ?"

"ಜೈಲಿಗೆ."

ಸಾವ್ಕಾರ ಅಂಗಡಿಯವರಿಗೆಲ್ಲ ಕೇಳಿಸುವಂತೆ ನಕ್ಕ. "ಕಳ್ಳ ಬೋಳಿಮಕ್ಕಳಿಗೆ ಪುಸ್ತಕ! ನಾಳೆ ಬಂದು ಹಂದಿಗೆ ಹಾಸಿಗೆ ಕೇಳ್ತೀಯ."

"ನನ್ ತಮ್ಮ ಕಳ್ಳ ಅಲ್ಲ."

"ಅಲ್ಲ ಬಿಡು, ಅವ್ನು ಬರೀ ತಲೆ ಒಡೆಯೋನು."

ಅದು ಸುಳ್ಳಲ್ಲ. ತಮ್ಮ ಮೋರಿ ಬಳಿಯುವ ಕೆಲಸಕ್ಕಿದ್ದ. ಒಂದು ದಿನ ಜೊತೆಯವನನ್ನು ಮ್ಯಾನ್‌ಹೋಲಿಗೆ ಇಳಿಸಿದರು. ಎಳೆದಾಗ ಸೊಂಟಕ್ಕೆ ಕಟ್ಟಿದ್ದ ಹಗ್ಗ ಮೇಲೆ ಬಂತು, ಅವನು ಬರಲಿಲ್ಲ. ಕಂಟ್ರಾಕ್ಟರು ಮೂಗಿಗೆ ಕರವಸ್ತ್ರ ಹಿಡಿದು, "ಕುಡ್ದು ಇಳಿದಿದಾನೆ ಸೂಳೆಮಗ" ಎಂದ. ತಮ್ಮನ ಕೈಯಲ್ಲಿ ಸಲಿಕೆ ಇತ್ತು. ಕಂಟ್ರಾಕ್ಟರನ ತಲೆಗೆ ಹೊಲಿಗೆ ಬಿತ್ತು, ತಮ್ಮನಿಗೆ ಜೈಲು ಬಿತ್ತು, ಸತ್ತವನ ಕೇಸು ಎಲ್ಲಿ ಬಿತ್ತೋ ಯಾರಿಗೂ ಗೊತ್ತಾಗಲಿಲ್ಲ.

ಜೈಲಲ್ಲಿ ಒಬ್ಬ ಮುದುಕ ಕೈದಿ ನೆಲದ ಮೇಲೆ ಇದ್ದಿಲಲ್ಲಿ ಬರೆದು ತಮ್ಮನಿಗೆ ಅಕ್ಷರ ಕಲಿಸಿದ್ದ. ಹೋದ ಸಲ ನೋಡಲು ಹೋದಾಗ ಜಾಲರಿಯ ಆಚೆ ತಮ್ಮ ಚಿಕ್ಕ ಮಗುವಿನ ಹಾಗೆ ಕುಣಿಯುತ್ತಿದ್ದ.

"ಅಕ್ಕಾ, ನಂಗೆ ಓದಕ್ಕೆ ಬರುತ್ತೆ ಕಣೇ! ಆದ್ರೆ ಇಲ್ಲಿ ಓದಕ್ಕೆ ಒಂದು ಚೂರು ಕಾಗದ ಇಲ್ಲ. ಸೋಪು ಸುತ್ತಿದ್ದ ಪೇಪರ್ನೇ ಬಾಯಿಪಾಠ ಮಾಡಿದೀನಿ. ಏನಾದ್ರೂ ತಗೊಂಬಾರೆ. ಎಲ್ರಿಗೂ ಆಗೋಹಂಗೆ ತಗೊಂಬಾ."

ಅವನು ಹುಟ್ಟಿದಾಗಿನಿಂದ ಅಕ್ಕನನ್ನು ಏನನ್ನೂ ಬಾಯಿಬಿಟ್ಟು ಕೇಳಿದವನಲ್ಲ.

ಸಾವ್ಕಾರ ಗಲ್ಲ ಕೆರೆದುಕೊಂಡು ದಾರಿ ತೋರಿಸಿದ. "ಪುಕ್ಕಟೆ ಕೊಡಕ್ಕೆ ನಾನೇನು ನಿಮ್ಮಪ್ಪನಾ? ಕೆಜಿಗೆ ಕೆಜಿ. ಎಷ್ಟು ಪುಸ್ತಕ ಎತ್ಕೋತೀಯೋ ಅಷ್ಟು ತೂಕದ ರದ್ದಿ ತಂದು ಸುರಿ."

ಅವತ್ತಿನಿಂದ ಬೆಳಕು ಹರಿಯುವ ಮೊದಲೇ ಅವಳು ಗೋಣಿಚೀಲ ಹಿಡಿದು ಹೊರಟಳು. ಬಸ್‌ಸ್ಟ್ಯಾಂಡು, ಆಸ್ಪತ್ರೆ ಹಿಂಬದಿ, ಬಟ್ಟೆ ಅಂಗಡಿಗಳ ಬೀದಿ, ಎಲ್ಲಿ ಕಾಗದ ಕಂಡರೂ ಬಾಚಿದಳು. ಒದ್ದೆ ಕಾಗದಕ್ಕೆ ತೂಕ ಹೆಚ್ಚು. ಸಾವ್ಕಾರ ಅದನ್ನು ಒಣಗಿಸಿಯೇ ತೂಗುತ್ತಿದ್ದ. ಜೊತೆಗೆ ಕೆಲಸ ಮಾಡುವ ಹೆಂಗಸರು ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಚೀಲ ಹಿಡಿದರು. ಅವರಲ್ಲಿ ಶಾಲೆ ಕಂಡವಳು ಒಬ್ಬಳೇ, ಅದೂ ನಾಲ್ಕನೇ ಕ್ಲಾಸಿನವರೆಗೆ. ಎಲ್ಲರೂ ಅವಳನ್ನು ನಾಕ್ನೇಕ್ಲಾಸು ಎಂದೇ ಕರೆಯುತ್ತಿದ್ದರು. ಯಾವುದು ಕಥೆ, ಯಾವುದು ಕಾನೂನು, ಯಾವುದು ಬರೀ ಲೆಕ್ಕದ ಗೈಡು ಎಂದು ಹೇಳುವ ಕೆಲಸ ಅವಳದು.

ಭಾನುವಾರ ದೊಡ್ಡ ಮನೆಗಳ ಬಾಗಿಲಿಗೂ ಹೋದರು. ಒಬ್ಬ ಅಮ್ಮಾವ್ರು ಬೇರೆಯವರ ಮದುವೆಯ ಹಳೇ ಕರೆಯೋಲೆಗಳನ್ನು ಕಟ್ಟುಕಟ್ಟಾಗಿ ಕೊಟ್ಟರು. "ಇವನ್ನ ಓದಿ ಕೈದಿಗಳು ಊಟಕ್ಕೆ ಹೊರಡ್ತಾರೆ ನೋಡು" ಎಂದು ನಾಕ್ನೇಕ್ಲಾಸು ಗೇಟು ದಾಟಿದ ಮೇಲೆ ಹೊಟ್ಟೆ ಹಿಡಿದುಕೊಂಡಳು. ಇನ್ನೊಂದು ಮನೆಯಲ್ಲಿ ಪುಸ್ತಕವನ್ನು ಕಾಂಪೌಂಡಿನ ಮೇಲಿಂದ ಎಸೆದರು, ಕೈಗೆ ಕೈ ತಾಗಬಾರದೆಂದು. ಅವಳು ಮಣ್ಣು ಒರೆಸಿ ಎತ್ತಿಕೊಂಡಳು.

ಚೀಲ ತುಂಬಿಕೊಂಡು ಜೈಲಿಗೆ ಹೋದರೆ ಗೇಟಿನವನು ಲಾಠಿಯಿಂದ ತಿವಿದು ನೋಡಿದ. "ಪೊರಕೆ ತಂದ್ರೆ ತಗೋತೀವಿ. ಪುಸ್ತಕ ಕೊಡಕ್ಕೆ ನೀನ್ಯಾವಳೇ?"

ಆಗ ಅವಳಿಗೆ ನೆನಪಾದವರು ಮೇಷ್ಟ್ರು. ಮೋರಿ ಕೆಲಸದವರ ಸಭೆಯಲ್ಲಿ ಗಂಟಲು ಹರಿಯುವಂತೆ ಮಾತಾಡಿದ್ದವರು, ತಮ್ಮನಿಗೆ ವಕೀಲರನ್ನು ಹುಡುಕಿಕೊಟ್ಟವರು. ಅವರು ಅವಳ ಗುಡಿಸಲಿಗೇ ಬಂದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು, ಅವಳ ಮನೆಯ ಲೋಟದಲ್ಲೇ ಟೀ ಕುಡಿದರು, ಹರಿದ ಪುಟಗಳಿಗೆ ಅವರೂ ಗೋಂದು ಹಚ್ಚಿದರು.

"ತಂಗೀ, ಇದು ದೊಡ್ಡ ಕೆಲಸ. ನನ್ನ ಮೇಲೆ ಬಿಡು. ಜೈಲು ಸಾಹೇಬರ ಹತ್ರ ನಾನು ಮಾತಾಡ್ತೀನಿ."

ಅಷ್ಟು ಓದಿದ ಮನುಷ್ಯನ ಬಾಯಲ್ಲಿ ತಂಗಿ ಎನಿಸಿಕೊಂಡದ್ದು ಅದೇ ಮೊದಲು. ಆ ರಾತ್ರಿ ಅವಳಿಗೆ ನಿದ್ದೆಯೇ ಹತ್ತಲಿಲ್ಲ.

ಸಾಹೇಬರು ಒಪ್ಪಿದರು. ಜೈಲಿನ ಲೈಬ್ರರಿಯ ಉದ್ಘಾಟನೆಯ ದಿನ ಹೆಂಗಸರೆಲ್ಲ ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆ ಉಟ್ಟು ಬಂದರು. ಪುಸ್ತಕದ ಚೀಲಗಳನ್ನು ಹೊತ್ತು ತಂದು ಗೇಟಿನೊಳಗೆ ಇಳಿಸಿದವರೂ ಅವರೇ. ಇಳಿಸಿದ ಮೇಲೆ ಅವರನ್ನು ಹೊರಗೆ ಕಳಿಸಿದರು. ಮೇಷ್ಟ್ರು ಇಸ್ತ್ರಿ ಜುಬ್ಬ ಹಾಕಿಕೊಂಡು ಒಳಗೆ ಹೋಗುತ್ತ ತಿರುಗಿ ನೋಡಿದರು.

"ಒಳಗೆ ಜಾಗ ಕಮ್ಮಿ ತಂಗೀ. ನಾನಿದೀನಲ್ಲ."

ಅವರಿದ್ದರಲ್ಲ ಎಂದು ಅವಳು ಗೋಡೆಯ ನೆರಳಲ್ಲಿ ನಿಂತು ಚಪ್ಪಾಳೆ ಕೇಳಿಸಿಕೊಂಡಳು. ಪ್ರತಿ ಚಪ್ಪಾಳೆಗೂ ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು.

ಮುಂದಿನ ಭೇಟಿಯ ದಿನ ಜಾಲರಿಯ ಆಚೆ ಬಂದು ನಿಂತವನನ್ನು ಮೊದಲು ಗುರುತೇ ಹಿಡಿಯಲಿಲ್ಲ. ಒಂದು ಕಣ್ಣು ಮುಚ್ಚಿಕೊಂಡಿತ್ತು. ತುಟಿ ಸೀಳಿತ್ತು.

"ಅಯ್ಯೋ, ಏನಾಯ್ತೋ ಮಗನೇ?"

"ಗಾಜಿನ ಬೀರು ಅಕ್ಕಾ. ಪುಸ್ತಕ ಎಲ್ಲ ಚೆಂದಾಗಿ ಜೋಡ್ಸಿ ಬೀಗ ಹಾಕಿದ್ರು. ಬಂದಿದ್ದ ದೊಡ್ಡೋರು, ಏನಾದ್ರೂ ಹೇಳಪ್ಪ ಅಂದ್ರು. ನಾನು, ಬೀಗದಕೈ ಯಾರತ್ರ ಸಿಗುತ್ತೆ ಸ್ವಾಮಿ ಅಂದೆ. ಅಷ್ಟೇ ಅಂದಿದ್ದು. ಸಾಹೇಬ ನಕ್ಕ. ದೊಡ್ಡೋರ ಕಾರು ಹೋಯ್ತು ನೋಡು, ಸಾಹೇಬನ ಕಡೆಯೋರು ಅಂಗಳದಲ್ಲೇ ಕೆಡವ್ಕೊಂಡು ಬಡಿದ್ರು."

"ಮೇಷ್ಟ್ರು? ಮೇಷ್ಟ್ರು ಹೊಂಟೋಗಿದ್ರಾ?"

"ಇದ್ರು. ಜೀಪಿನ ಹತ್ರ ನಿಂತಿದ್ರು. ಅವರನ್ನೇ ಕೂಗ್ದೆ ಅಕ್ಕಾ. ಎರಡು ಸಲ ಕೂಗ್ದೆ. ಕನ್ನಡಕ ತೆಗೆದು ಒರಸ್ಕೊಂಡು ಆ ಕಡೆ ತಿರುಗಿದ್ರು."

ಅವಳು ಅಲ್ಲಿಂದ ನೇರವಾಗಿ ಮೇಷ್ಟ್ರ ಮನೆಗೆ ನಡೆದಳು. ಅವರು ಜಗಲಿಯ ಮೇಲೆ ಪೇಪರು ಹಿಡಿದು ಕೂತಿದ್ದರು. ಪೇಪರಿನಲ್ಲಿ ಅವರದೇ ಫೋಟೋ ಇತ್ತು, ಪಕ್ಕದಲ್ಲಿ ಸಾಹೇಬ.

"ಜಾರಿ ಬಿದ್ದ ಅಂತ ಕೇಳ್ದೆ ತಂಗೀ. ಬಚ್ಚಲಲ್ಲಿ."

"ನೀವು ನೋಡಿದ್ರಂತೆ."

"ಆ ಗದ್ದಲದಲ್ಲಿ…" ಅವರು ಪೇಪರು ಮಡಚಿದರು. "ನೋಡು, ನನ್ನನ್ನ ಜೈಲು ಕಮಿಟಿಗೆ ತಗೊಂಡಿದಾರೆ. ಒಳಗಿದ್ರೆ ತಾನೇ ನಿಮಗೆ ನಾಲ್ಕು ಒಳ್ಳೇದು ಮಾಡೋಕಾಗೋದು? ಈಗ ಬಾಯಿ ತೆಗೆದ್ರೆ ಇರೋದೂ ಹೋಗುತ್ತೆ. ಸ್ವಲ್ಪ ಸಮಾಧಾನ ಇರ್ಲಿ. ಕೂತ್ಕೋ, ಟೀ ಕುಡಿ."

ಒಳಗಿನಿಂದ ಲೋಟ ಬಂತು. ಅವಳು ಅದನ್ನು ಮುಟ್ಟಲಿಲ್ಲ. ಕಂಟ್ರಾಕ್ಟರು ಸತ್ತವನನ್ನು ಸೂಳೆಮಗ ಎಂದದ್ದು ಕೇಳಿದಾಗ, ಸಾವ್ಕಾರ ಮುಂಡೆ ಎಂದಾಗ ಅವಳಿಗೆ ಇಷ್ಟು ನೋವಾಗಿರಲಿಲ್ಲ. ಆ ಇಬ್ಬರಿಂದ ಅವಳು ಏನನ್ನೂ ನಿರೀಕ್ಷಿಸಿರಲಿಲ್ಲವಲ್ಲ.

ತಿಂಗಳು ತುಂಬುವ ಮೊದಲೇ ಒಂದು ಮಧ್ಯಾಹ್ನ ಗುಜರಿ ಅಂಗಡಿಯ ಮುಂದೆ ಜೈಲಿನ ವ್ಯಾನು ನಿಂತಿತು. ಇಬ್ಬರು ಮೂಟೆಗಳನ್ನು ಉರುಳಿಸಿ ಹೋದರು. ಬೀರು ಸಾಹೇಬರ ಮನೆಗೆ ಬೇಕಾಗಿತ್ತಂತೆ. ಸಾವ್ಕಾರ ಒಂದು ಮೂಟೆಯ ಬಾಯಿ ಬಿಚ್ಚಿ ನೋಡಿ ತೊಡೆ ತಟ್ಟಿಕೊಂಡ.

"ಏಯ್ ಚಿಂದೀ, ಬಾರೇ! ನಿನ್ ಪುಸ್ತಕ ತೌರಿಗೆ ಬಂದ್ವು!"

ಅವಳು ಒಂದನ್ನು ಕೈಗೆತ್ತಿಕೊಂಡಳು. ಪುಸ್ತಕದ ಹರಿದ ಬೆನ್ನಿಗೆ ಅವಳೇ ಅಂಟಿಸಿದ್ದ ಸೀರೆಯ ಚೂರು ಹಾಗೇ ಇತ್ತು. ಅದನ್ನು ಯಾರೂ ಒಮ್ಮೆಯೂ ತೆರೆದಂತಿರಲಿಲ್ಲ. ನಾಕ್ನೇಕ್ಲಾಸು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅವಳು ಮಾತ್ರ ಅಳಲಿಲ್ಲ. ಬಾಗಿ ಮೂಟೆಯ ಕಿವಿ ಹಿಡಿದು ಎಳೆದಳು.

"ಏಯ್, ದುಡ್ಡು ಕೊಟ್ಟು ತಗೊಂಡಿದೀನಿ ಕಣೇ!"

"ಇದರ ತೂಕ ಆಗ್ಲೇ ಸುರಿದಿದೀನಿ. ಅಡ್ಡ ಬಂದ್ರೆ ನೋಡು, ನನ್ ತಮ್ಮನ ಹತ್ರ ಇದ್ದಿದ್ದು ಬರೀ ಸಲಿಕೆ. ಇಲ್ಲಿ ಗುಜರಿ ಕಬ್ಬಿಣ ರಾಶಿ ಬಿದ್ದಿದೆ."

ಹೆಂಗಸರು ಎದ್ದು ನಿಂತರು. ಸಾವ್ಕಾರ ಹಲ್ಲು ಕಡಿದು ತಕ್ಕಡಿಯ ಹಿಂದೆ ಹೋಗಿ ಕೂತ.

ಭೇಟಿಯ ದಿನ ಜೈಲಿನ ಮುಂದಿನ ಸಾಲಿನಲ್ಲಿ ತಾಯಂದಿರು, ಹೆಂಡತಿಯರು, ಕೋಲೂರಿದ ಅಪ್ಪಂದಿರು ನಿಂತಿದ್ದರು. ಅವಳು ಒಬ್ಬೊಬ್ಬರ ಕೈಗೂ ಒಂದೊಂದು ಪುಸ್ತಕ ಕೊಟ್ಟು ಏನಾಯಿತೆಂದು ಹೇಳುತ್ತ ಬಂದಳು. ಮೊದಲನೆಯವರು ಗೇಟು ಮುಟ್ಟಿದಾಗ ಗೇಟಿನವನು ಲಾಠಿ ಅಡ್ಡ ಹಿಡಿದ.

"ಪುಸ್ತಕ ಹೊರಗಿಟ್ಟು ಒಳಗೆ ಹೋಗ್ರಿ."

"ಪುಸ್ತಕ ಒಳಗೆ ಹೋದ್ರೆ ನಾವೂ ಹೋಗ್ತೀವಿ."

"ಭೇಟಿ ಕ್ಯಾನ್ಸಲ್ ಮಾಡ್ಬಿಡ್ತೀನಿ, ಬೇವರ್ಸಿಗಳಾ!"

ಸಾಲಿನಲ್ಲಿದ್ದ ಒಬ್ಬ ಮುದುಕಿ ಮಗನನ್ನು ನೋಡಿ ಬಹಳ ದಿನವಾಗಿತ್ತು. ಅವಳೇ ಮೊದಲು ಗೇಟಿಗೆ ಅಡ್ಡಲಾಗಿ ಮಣ್ಣಲ್ಲಿ ಕೂತಳು. ಒಬ್ಬರ ಹಿಂದೆ ಒಬ್ಬರು ಕೂತರು. ಮುಂದೆ ಪುಸ್ತಕಗಳನ್ನು ಇಟ್ಟುಕೊಂಡರು.

ಬೀದಿಯ ಕಡೆಯಿಂದ ಸಾಹೇಬರ ಜೀಪು ಬಂತು. ಕಮಿಟಿಯ ಸಭೆ ಇತ್ತು; ಹಿಂದಿನ ಸೀಟಿನಿಂದ ಮೇಷ್ಟ್ರು ಇಳಿದು ಓಡಿಬಂದರು.

"ತಂಗೀ, ಹೀಗಲ್ಲ. ಎಲ್ಲರನ್ನೂ ಎಬ್ಬಿಸು. ನಾನು ಮಾತಾಡ್ತೀನಿ ಅಂದ್ನಲ್ಲ."

"ನನ್ನ ತಂಗಿ ಅನ್ಬೇಡ." ಮೇಷ್ಟ್ರಿಗೆ ಏಕವಚನದಲ್ಲಿ ಮಾತಾಡಿದ್ದು ಅವಳಿಗೇ ಹೊಸದಾಗಿತ್ತು. "ಇವರೆಲ್ಲರ ಮುಂದೆ ಹೇಳು. ನನ್ ತಮ್ಮ ಬಚ್ಚಲಲ್ಲಿ ಜಾರಿಬಿದ್ನಾ?"

ಮೇಷ್ಟ್ರು ಸಾಹೇಬರ ಕಡೆ ನೋಡಿದರು. ಸಾಲಿನ ಕಡೆ ನೋಡಿದರು. ಕನ್ನಡಕ ತೆಗೆದರು.

ಸಾಹೇಬ ಜೀಪಿನೊಳಗಿಂದ ತಲೆ ಹೊರಹಾಕಿದ. "ಏನ್ ನೋಡ್ತೀಯೋ ಡ್ರೈವರ್? ನಡಿ. ತಾವಾಗೇ ಏಳ್ತಾರೆ, ನನ್ಮಕ್ಕಳು."

ಡ್ರೈವರು ಗೇರು ಹಾಕಿದ. ಯಾರೂ ಏಳಲಿಲ್ಲ. ಗೋಡೆಯ ಒಳಗಿನಿಂದ ಯಾರೋ ತಟ್ಟೆ ಬಡಿಯಲು ಶುರು ಮಾಡಿದರು, ಆಮೇಲೆ ಇನ್ನಾರೋ. ಅವಳು ಕಾಲು ಚಾಚಿ ಇನ್ನಷ್ಟು ಗಟ್ಟಿಯಾಗಿ ಕೂತಳು. ಚಕ್ರ ನಿಧಾನವಾಗಿ ಉರುಳಿ ಬಂದು ಮೊದಲನೇ ಪುಸ್ತಕದ ಮೇಲೆ ಹತ್ತಿತು.