ಉಪ್ಪಿನಕಾಯಿ ಪರೀಕ್ಷೆ

ಇದು ನಿಜವಾಗಿಯೂ ನಡೆದ ಕಥೆ. ದಿನೇಶನಂತೂ ಬೆಳಗಿನಿಂದ ನಡೆಯುತ್ತಲೇ ಇದ್ದ, ಬನಶಂಕರಿಯ ಯೂನಿವರ್ಸಿಟಿ ಹಾಸ್ಟೆಲಿನ ಪುಟ್ಟ ರೂಮಿನೊಳಗೆ, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ.

ಕ್ಯಾಂಪಸ್ಸಿಗೆ ಮಂಗನಬಾವು ನುಗ್ಗಿತ್ತು. ಕೆನ್ನೆ ಊದಿದವರನ್ನೆಲ್ಲ ಗೆಸ್ಟ್‌ಹೌಸಿನಲ್ಲಿ ಬೇರೆ ಇಟ್ಟು, ಅವರ ಅಕ್ಕಪಕ್ಕ ಕೂತವರ ಬಾಯೊಳಗೆ ಕಡ್ಡಿ ಆಡಿಸಿ ಸ್ಯಾಂಪಲ್ ತೆಗೆದಿದ್ದರು. ಕೆಮಿಸ್ಟ್ರಿ ಲ್ಯಾಬಿನಲ್ಲಿ ಪಕ್ಕದ ಸ್ಟೂಲಿನವನ ಮುಖ ಬನ್ನಿನಂತೆ ಉಬ್ಬಿದ್ದರಿಂದ ದಿನೇಶನಿಗೂ ಕಡ್ಡಿ ತಪ್ಪಲಿಲ್ಲ. ರಿಪೋರ್ಟ್ ಇನ್ನೂ ಬಂದಿಲ್ಲ. ನಾಳೆಯೇ ತಿಲಕ್ ನಗರದಲ್ಲಿ ಅಕ್ಕ ರೇಖಾಳ ಸೀಮಂತ. ಸೋಂಕಿದ್ದರೆ ಬಸುರಿಯ ಹತ್ತಿರ ಸುಳಿಯುವಂತಿಲ್ಲ.

"ಕೂತ್ಕೊಳೋ ಗುರು. ನೀನ್ ತಿರುಗೋ ಸ್ಪೀಡ್ ನೋಡಿ ಫ್ಯಾನೇ ನಾಚ್ಕೊಂಡ್ ನಿಂತೋಗಿದೆ," ಎಂದು ರೂಮ್‌ಮೇಟ್ ಮಯೂರ್ ಎದ್ದು ಹೊರಗೆ ಹೋದ. ಯಾರ ದನಿಯನ್ನಾದರೂ ತನ್ನ ಗಂಟಲಿಗೆ ಇಳಿಸಿಕೊಳ್ಳಬಲ್ಲ ಮಿಮಿಕ್ರಿ ವೀರ ಅವನು.

ಸ್ವಲ್ಪ ಹೊತ್ತಿಗೆ ಫೋನು. ಗೊತ್ತಿಲ್ಲದ ನಂಬರು, ಗೊತ್ತಿರುವ ದನಿ: ಹೆಲ್ತ್ ಸೆಂಟರಿನ ಡಾಕ್ಟರ್ ಸುಧಾಮಣಿಯವರದು, ಅರ್ಧ ಬಾಯಿಂದ, ಅರ್ಧ ಮೂಗಿನಿಂದ.

"ದಿನೇಶ್ ಏನಪ್ಪಾ? ಮೆಷಿನ್ ಕೆಟ್ಟಿದೆ, ರಿಪೋರ್ಟ್ ಲೇಟು. ರೂಮಲ್ಲಿ ಉಪ್ಪಿನಕಾಯಿ ಇದ್ಯಾ?"

"ಇದೆ ಮೇಡಂ. ಮಾವಿನಕಾಯಿ."

"ಗುಡ್. ಮಂಗನಬಾವು ಇದ್ರೆ ಹುಳಿ ತಿಂದ ತಕ್ಷಣ ಕಿವಿ ಕೆಳಗೆ ಜೀವ ಹೋಗತ್ತೆ. ದೊಡ್ಡ ಹೋಳು ತಗೋ. ಒಂಟಿಕಾಲಲ್ಲಿ ನಿಂತು ಚಪ್ಪರಿಸು. ನಂಗೆ ಸೌಂಡ್ ಕೇಳ್ಬೇಕು."

ಗಾಬರಿಯಲ್ಲಿದ್ದವನಿಗೆ ಒಂಟಿಕಾಲೇಕೆಂದು ಕೇಳಲೂ ತೋಚಲಿಲ್ಲ. ಕೊಕ್ಕರೆಯಂತೆ ನಿಂತು ಚಪ್ಪರಿಸಿದ. ಏನೂ ನೋಯಲಿಲ್ಲ. ಬಾಗಿಲಾಚೆ ಯಾರೋ ಕಿಸಕ್ಕೆಂದರು.

"ಥೂ ಮಯೂರ್! ನಾನಿಲ್ಲಿ ಸಾಯ್ತಿದೀನಿ, ನಿಂಗೆ ತಮಾಷೆನಾ?"

"ನೋಯ್ಲಿಲ್ಲ ತಾನೆ? ಫೀಸಿಲ್ದೆ ಟೆಸ್ಟ್ ಮಾಡ್ಕೊಟ್ಟೆ ಮಗಾ, ಥ್ಯಾಂಕ್ಸ್ ಹೇಳು," ಎನ್ನುತ್ತ ಒಳಬಂದ ಮಯೂರ್ ತಾನೂ ಒಂದು ಹೋಳು ಬಾಯಿಗೆಸೆದುಕೊಂಡ. ಅಗಿದ. ಸಟ್ಟನೆ ನಿಂತ. ಕೈ ಕಿವಿಯ ಬುಡಕ್ಕೆ ಹೋಯಿತು, ಕಣ್ಣಲ್ಲಿ ನೀರು ಬಂತು.

"ಇದ್ಯಾರ ಮಿಮಿಕ್ರಿ?" ಎಂದ ದಿನೇಶ್.

"ನಂದೇ ಕಣೋ... ಅಯ್ಯಮ್ಮಾ!"

ಅಷ್ಟರಲ್ಲಿ ಮತ್ತೆ ಫೋನು. ಮಯೂರ್ ಎದುರಿಗೇ ದವಡೆ ಹಿಡಿದು ಕೂತಿದ್ದರಿಂದ ಈ ಸಲ ದನಿ ಅಸಲಿಯೇ.

"ದಿನೇಶ್, ನೆಗೆಟಿವ್ ಬಂದಿದೆ. ಮನೆಗೆ ಹೋಗ್ಬಹುದು."

ಮಯೂರ್ ಪಿಸುಗುಟ್ಟಿದ: "ನನ್ ವಿಷ್ಯ ಹೇಳ್ಬೇಡ. ಹೇಳಿದ್ರೆ ನಿನ್ನೂ ಹಿಡಿದಿಡ್ತಾರೆ. ಸೀಮಂತಕ್ಕೆ ಹೋಗು."

ದಿನೇಶನ ನಾಲಗೆ ತುದಿಗೆ 'ಥ್ಯಾಂಕ್ಯೂ ಮೇಡಂ' ಬಂದಿತ್ತು. ಅಕ್ಕನ ತುಂಬಿದ ಹೊಟ್ಟೆ ಕಣ್ಣ ಮುಂದೆ ಬಂತು.

"ಮೇಡಂ, ರೂಮ್‌ಮೇಟ್‌ಗೆ ಉಪ್ಪಿನಕಾಯಿ ತಿಂದು ಕಿವಿ ಕೆಳಗೆ ನೋವು ಬಂದಿದೆ."

ಆ ಕಡೆ ನಿಟ್ಟುಸಿರು. "ಹಾಗಾದ್ರೆ ಇಬ್ರೂ ರೂಮ್ ಬಿಟ್ಟು ಕದಲ್ಬೇಡಿ. ಈಗ್ಲೇ ಬರ್ತೀವಿ. ಅಲ್ಲಪ್ಪಾ, ಉಪ್ಪಿನಕಾಯಿ ತಿಂದು ಟೆಸ್ಟ್ ಮಾಡ್ಕೊಳಿ ಅಂತ ಹೇಳಿದ್ ಯಾವ ಪುಣ್ಯಾತ್ಮ?"

"ನೀವೇ ಮೇಡಂ!"

ಅಂದದ್ದೇ ತಡ, ದಿನೇಶನಿಗೆ ನಗು ಉಕ್ಕಿತು. ಮಯೂರನೂ ನಗಲು ಹೋಗಿ, "ನಗಿಸ್ಬೇಡ್ವೋ, ನೋಯತ್ತೆ," ಎಂದು ಎರಡೂ ಕೈಯಲ್ಲಿ ಕೆನ್ನೆ ಅಮುಕಿಕೊಂಡ. ಅದನ್ನು ನೋಡಿ ದಿನೇಶ್ ಇನ್ನೂ ಜೋರಾಗಿ, ಕಾರಿಡಾರಿನ ಬಾಗಿಲುಗಳೆಲ್ಲ ತೆರೆಯುವಷ್ಟು ಜೋರಾಗಿ ನಕ್ಕ.