ತೇಲುವ ಗಾಜು

"ಒಂದು ನಿಮಿಷ ಉಸಿರು ಬಿಗಿ ಹಿಡ್ಕೊಳ್ಳಿ, ಆಗ ಅಲುಗಾಡಲ್ಲ," ಎಂದ ಅಂಗಡಿಯವನು.

"ಇಬ್ಬರ ಉಸಿರು ನಾನೊಬ್ಬಳೇ ಆಡ್ತಿದೀನಿ. ಬಿಗಿ ಹಿಡಿಯೋದು ಎಲ್ಲಿಂದ ಬಂತು?" ಎಂದಳು ಅವಳು, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಏಳು ತಿಂಗಳ ಹೊಟ್ಟೆಯ ಮೇಲೆ ಮೊಣಕೈ ಊರಿ, ಅಂಗೈಯಲ್ಲಿ ಹಿಡಿಸುವಂಥ ಆ ಪುಟ್ಟ ಸಿನಿಮಾ ಕ್ಯಾಮೆರಾವನ್ನು ಎದುರಿನ ಕಪಾಟಿನತ್ತ ಹಿಡಿದಿದ್ದಳು. ಮೂಲೆಯ ದೊಡ್ಡ ಪರದೆಯಲ್ಲಿ ಕಪಾಟು ಅವಳ ಒಂದೊಂದು ಉಸಿರಿಗೂ ಏರಿ ಇಳಿಯುತ್ತಿತ್ತು, ಯಾರೋ ಅದನ್ನು ದೋಣಿಯಲ್ಲಿ ಇಟ್ಟುಬಿಟ್ಟ ಹಾಗೆ. ನೋಡುತ್ತ ನಿಂತಿದ್ದ ನಾದಿನಿ ಉಗುರು ಕಚ್ಚಿದಳು.

ಆ ಕ್ಯಾಮೆರಾ ತೆಗೆಯುವ ಚಿತ್ರದ ಬಣ್ಣ ಬಂಗಾರದಂಥದು, ಆದರೆ ಕೈ ನಡುಕವನ್ನು ನುಂಗಿಕೊಳ್ಳುವ ಏರ್ಪಾಡು ಅದರೊಳಗೆ ಇರಲಿಲ್ಲ. ಆ ಕೆಲಸವನ್ನು ಲೆನ್ಸೇ ಮಾಡಬೇಕು. ಮೊದಲಾದರೆ ಅವಳು ಸೊಂಟಕ್ಕೆ ಪಟ್ಟಿ ಬಿಗಿದು, ಸ್ಪ್ರಿಂಗಿನ ತೋಳಿಗೆ ಕ್ಯಾಮೆರಾ ಸಿಕ್ಕಿಸಿಕೊಂಡು ಬೇಕಾದಲ್ಲಿ ಓಡುತ್ತಿದ್ದಳು. ಈಗ ಆ ಪಟ್ಟಿಯ ಕೊನೆಗಳು ಒಂದನ್ನೊಂದು ನೋಡಿ ನಕ್ಕು ಸುಮ್ಮನಾಗುತ್ತಿದ್ದವು. ನಾಳೆ ಬೆಳಿಗ್ಗೆ ನಾದಿನಿ ನಿರ್ದೇಶಿಸುತ್ತಿರುವ ಮೊದಲ ಸಿನಿಮಾದ ಕೊನೆಯ ದೃಶ್ಯ. ಕಾಯಿಲೆ ಬಿದ್ದು ಬಹಳ ಕಾಲ ನಾಲ್ಕನೇ ಮಹಡಿಯ ಮನೆಯಲ್ಲೇ ಉಳಿದ ಮುದುಕಿಯೊಬ್ಬಳು ಒಬ್ಬಳೇ ಮೆಟ್ಟಿಲಿಳಿದು ಬೀದಿಗೆ ಬರುತ್ತಾಳೆ. ನಡುವೆ ಎಲ್ಲೂ ಕತ್ತರಿ ಇಲ್ಲ, ಎಲ್ಲ ಒಂದೇ ಶಾಟಿನಲ್ಲಿ. ಮುದುಕಿಯ ಮುಂದೆ ಮುಂದೆ ಕ್ಯಾಮೆರಾ ಹಿಮ್ಮುಖವಾಗಿ ಇಳಿಯಬೇಕು.

ಮುದುಕಿಯ ಪಾತ್ರ ಅತ್ತೆಯವರದು. ಗ್ರಂಥಾಲಯದಲ್ಲಿ ಕೆಲಸ ಮಾಡುತ್ತ ಜೀವನವಿಡೀ ಊರವರ ಬಾಯಿ ಮುಚ್ಚಿಸಿದ ಅವರು ನಿವೃತ್ತಿಯಾದ ಮೇಲೆ ತಮ್ಮ ಬಾಯಿ ತೆರೆದಿದ್ದರು. ಅಂಗಡಿಗೂ ಜೊತೆಗೇ ಬಂದಿದ್ದರು. "ನನ್ನ ಮುಖ ತೆಗೆಯೋ ಗಾಜು, ನಾನೂ ನೋಡ್ಬೇಡ್ವಾ?"

ಅಂಗಡಿಯವನು ಮೂರು ಲೆನ್ಸುಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ. "ನೋಡಿ ಅಮ್ಮ, ಇವು ಮೂವರು ಅಳಿಯಂದಿರು ಇದ್ದ ಹಾಗೆ. ಇವನು ಕತ್ತಲಲ್ಲೂ ಚೆನ್ನಾಗಿ ನೋಡ್ತಾನೆ, ಆದ್ರೆ ನಿಂತಲ್ಲಿ ನಿಲ್ಲಲ್ಲ. ಇವನು ಬಂಡೆ ಥರ ನಿಲ್ತಾನೆ, ಆದ್ರೆ ಹೊರೋಕೆ ಎರಡಾಳು ಬೇಕು. ಇವನು ನಿಲ್ತಾನೆ, ಹಗುರ, ದೂರದ್ದನ್ನೂ ಹತ್ತಿರ ತರ್ತಾನೆ. ಆದ್ರೆ ಬೆಳಕು ಕಮ್ಮಿಯಾದ್ರೆ ಮುಖ ಸಣ್ಣಗೆ ಮಾಡ್ಕೋತಾನೆ."

"ಎಲ್ಲಾ ಗುಣ ಒಬ್ಬನಲ್ಲೇ ಇರೋ ಅಳಿಯ?" ಎಂದರು ಅತ್ತೆ.

"ಅಂಥವನು ನಮ್ಮ ಅಂಗಡಿಗೆ ಯಾಕೆ ಬರ್ತಾನೆ?"

ಎಲ್ಲರೂ ನಕ್ಕರು. ನಗುತ್ತಲೇ ಅಂಗಡಿಯವನು ಬಾಯಿ ಜಾರಿ ಅಂದುಬಿಟ್ಟ. "ಅಷ್ಟಕ್ಕೂ ನಿಮ್ಮ ಆ ಉದ್ದ ಕೂದಲಿನ ಕ್ಯಾಮೆರಾಮ್ಯಾನ್ ನಿನ್ನೆ ಬಂದು ಸೊಂಟದ ಪಟ್ಟಿ ಅಳತೆ ನೋಡ್ಕೊಂಡು ಹೋದ್ರಲ್ಲ. ಅವರಿಗಾದ್ರೆ ಮೊದಲನೇದೇ ಸಾಕಿತ್ತು."

ನಾದಿನಿ ಚೇಳು ಕುಟುಕಿದ ಕಳ್ಳಿಯಂತೆ ನೆಲ ನೋಡಿದಳು.

"ಯಾರು ಅದು?" ಎಂದಳು ಅವಳು.

"ಅತ್ತಿಗೆ, ಸುಮ್ಮನೆ... ಒಂದು ವೇಳೆಗೆ ಇರಲಿ ಅಂತ..."

"ಅವಳನ್ನ ಬೈಬೇಡಮ್ಮ. ನಾನೇ ಹೇಳಿದ್ದು," ಎಂದರು ಅತ್ತೆ. ದನಿಯಲ್ಲಿ ನಗೆ ಇರಲಿಲ್ಲ. "ಈ ಹೊಟ್ಟೆ ಹೊತ್ಕೊಂಡು ನಾಲ್ಕು ಮಹಡಿ ಹಿಂದ್ಹಿಂದಕ್ಕೆ ಇಳೀತೀಯಾ? ಕಾಲು ಒಂದು ತಪ್ಪಿದ್ರೆ? ಸಿನಿಮಾ ಇನ್ನೊಂದು ಮಾಡಬಹುದು."

ಅವಳಿಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿತ್ತು. ಈ ಸಿನಿಮಾದ ಪ್ರತಿ ಚೌಕಟ್ಟನ್ನೂ ಅವಳೇ ಹಿಡಿದಿದ್ದಳು. ಕೊನೆಯದನ್ನು ಇನ್ಯಾರೋ ಹಿಡಿಯುವುದೆಂದರೆ ತಾನು ನೇಯ್ದ ಬಟ್ಟೆಗೆ ಅಂಚನ್ನು ಬೇರೆಯವರ ಕೈಯಲ್ಲಿ ಹಾಕಿಸಿದಂತೆ. ಆದರೆ ಅತ್ತೆ ಹೇಳಿದ್ದರಲ್ಲಿ ಸುಳ್ಳೆಲ್ಲಿತ್ತು? ರಾತ್ರಿ ಕಣ್ಣು ಮುಚ್ಚಿದಾಗೆಲ್ಲ ಅವಳಿಗೂ ಆ ಮೆಟ್ಟಿಲುಗಳೇ ಕಾಣುತ್ತಿದ್ದವು.

"ಮೂರೂ ನೋಡ್ತೀನಿ. ಆಮೇಲೆ ಮಾತಾಡೋಣ," ಎಂದಳು.

ಅತ್ತೆ ಶೌಚಾಲಯ ಎಲ್ಲಿದೆಯೆಂದು ಕೇಳಿದರು. "ಮೂರನೇ ಮಹಡಿ ಅಮ್ಮ. ಲಿಫ್ಟು ಕೆಟ್ಟಿದೆ," ಎಂದ ಅಂಗಡಿಯವನು ಸಂಕೋಚದಿಂದ. "ಅದಕ್ಕೇನಂತೆ, ನನ್ನ ಮಂಡಿ ಈಗ ಹುಡುಗೀರ ಮಂಡಿ," ಎಂದು ಅತ್ತೆ ಹೊರಟರು.

ಮೊದಲನೆಯದರಲ್ಲಿ ಕಪಾಟು ಮತ್ತೆ ದೋಣಿ ಏರಿತು. ಎರಡನೇ ಲೆನ್ಸು ಹಾಕಿದ್ದೇ ಕ್ಯಾಮೆರಾ ಮೂತಿ ನೆಲಕ್ಕೆ ಬಾಗಿಸಿತು, ಮಣಿಕಟ್ಟು ಸೋತಿತು. ಮೂರನೆಯದನ್ನು ಸಿಕ್ಕಿಸಿ, ಪಕ್ಕದ ಗುಂಡಿಯನ್ನು ಮೇಲಕ್ಕೆ ತಳ್ಳಿದಳು. ಲೆನ್ಸಿನೊಳಗೆ ಗುಂಯ್ ಎಂದು ಸೊಳ್ಳೆಯಂಥ ಸದ್ದು. ಪರದೆಯ ಚಿತ್ರ ಒಮ್ಮೆ ಈಜಿ, ಆಮೇಲೆ ನಿಂತಿತು. ಅವಳು ಉಸಿರಾಡುತ್ತಿದ್ದಳು, ಕಪಾಟು ಆಡುತ್ತಿರಲಿಲ್ಲ.

"ಒಳಗೆ ಒಂದು ಗಾಜು ತೇಲ್ತಾ ಇರುತ್ತೆ," ಎಂದ ಅಂಗಡಿಯವನು. "ನೀವು ಈ ಕಡೆ ನಡುಗಿದ್ರೆ ಅದು ಆ ಕಡೆ ಸರಿಯುತ್ತೆ. ಆದ್ರೆ ಮೆಟ್ಟಿಲು ಇಳೀತಾ ಇದ್ರೆ ಇದೂ ಕುಲುಕುತ್ತೆ, ಮೊದಲೇ ಹೇಳ್ಬಿಡ್ತೀನಿ. ನಡೆಯೋರಿಗೆ ಇದಲ್ಲ. ನಿಲ್ಲೋರಿಗೆ."

ನೋಡಿಯೇ ಬಿಡೋಣವೆಂದು ಅವಳು ಹೊರಗೆ ಬಂದಳು. ಉದ್ದನೆಯ ತಂತಿ ಎಳೆದುಕೊಂಡಿದ್ದರಿಂದ ಒಳಗಿನ ಪರದೆಯಲ್ಲಿ ಚಿತ್ರ ಬರುತ್ತಲೇ ಇತ್ತು. ಹಳೆಯ ಕಟ್ಟಡ, ನಡುವೆ ಬಾವಿಯಂತೆ ತೆರಪು, ಅದರ ಸುತ್ತ ಸುತ್ತಿ ಮೇಲೇರುವ ಮೆಟ್ಟಿಲು, ಕಬ್ಬಿಣದ ಕಂಬಿಗಳು, ತುತ್ತತುದಿಯಲ್ಲಿ ಗಾಜಿನ ಚಾವಣಿ. ನಾಲ್ಕು ಹೆಜ್ಜೆ ಹತ್ತಿ ಇಳಿದಳು. ಅಂಗಡಿಯವನು ಹೇಳಿದ್ದು ನಿಜ. ಹೆಜ್ಜೆಗೊಮ್ಮೆ ಚೌಕಟ್ಟು ಬಿಕ್ಕಳಿಸಿತು. ಸೋತವಳಂತೆ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಸುಮ್ಮನೆ, ಏನೂ ತೋಚದೆ, ಲೆನ್ಸನ್ನು ಮೇಲಕ್ಕೆತ್ತಿ ಇದ್ದಷ್ಟೂ ಹತ್ತಿರಕ್ಕೆ ಎಳೆದಳು.

ಮೂರನೇ ಮಹಡಿಯ ಕಂಬಿಯ ಮೇಲೆ ಒಂದು ಕೈ ಇತ್ತು.

ಅತ್ತೆಯ ಕೈ. ಉಬ್ಬಿದ ನರ, ಸಡಿಲವಾದ ಬಳೆ, ಎಲ್ಲ ಅಂಗೈ ದೂರದಲ್ಲಿದ್ದ ಹಾಗೆ. ಚೌಕಟ್ಟು ಮಿಸುಕಲಿಲ್ಲ. ಕೈ ಎರಡು ಮೆಟ್ಟಿಲು ಇಳಿಯಿತು, ಕಂಬಿಯನ್ನು ಬಿಗಿಯಾಗಿ ಹಿಡಿದು ನಿಂತಿತು. ಕಂಬಿಗಳ ಸಂದಿನಲ್ಲಿ ಅತ್ತೆ ಮೆಲ್ಲಗೆ ಮೆಟ್ಟಿಲ ಮೇಲೆ ಕುಳಿತರು. ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಚಿತವಾದ ಮೇಲೆ, ಎರಡೂ ಕೈಯಿಂದ ಮಂಡಿ ಉಜ್ಜಿಕೊಂಡರು. ಮುಖ ಕಿವುಚಿದರು. ಆಮೇಲೆ ಆ ಮಂಡಿಗೇ ಏನೋ ಬೈದು, ತಾವೇ ನಕ್ಕು, ಎದ್ದರು.

ಹಿಮ್ಮುಖವಾಗಿ ಇಳಿಯುವವರು ಯಾರು? ಯಾಕೆ ಇಳಿಯಬೇಕು? ಆ ಮನೆಯ ಮೆಟ್ಟಿಲೂ ಇಂಥದೇ ಬಾವಿಯ ಸುತ್ತ ಸುತ್ತುತ್ತದೆ, ಕೆಳಗೆ ನಿಂತರಾಯಿತು! ಮುದುಕಿ ಸುತ್ತಿ ಸುತ್ತಿ ಇಳಿದು ಬರಲಿ, ಕೈಯಿಂದ ಶುರುವಾಗಿ ಪೂರ್ತಿ ಮನುಷ್ಯಳಾಗಲಿ. ಅತ್ತೆ ಕೆಳಗಿಳಿದಂತೆ ಲೆನ್ಸಿನ ಉಂಗುರವನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ದೃಶ್ಯವನ್ನು ಅಗಲಿಸಿದಳು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ತೇಲುವ ಗಾಜು ಅದನ್ನೂ ನುಂಗಿಕೊಂಡಿತು.

ಅತ್ತೆ ಕೊನೆಯ ಸುತ್ತಿಗೆ ಬಂದಾಗ ಬೆನ್ನು ನೆಟ್ಟಗಾಗಿತ್ತು, ನಡಿಗೆಯಲ್ಲಿ ಗತ್ತಿತ್ತು. "ಇಲ್ಲೇನು ಮಾಡ್ತಿದೀಯಾ?"

ನಾದಿನಿ ಒಳಗಿನಿಂದ ಓಡಿ ಬಂದು ಅವಳ ಕುತ್ತಿಗೆಗೆ ಜೋತುಬಿದ್ದಳು. "ಅತ್ತಿಗೆ, ಅದೇ! ಅದೇ! ಅಯ್ಯೋ, ಇಷ್ಟು ದಿನ ನಾನು ಯಾಕೆ..."

"ಮೆಲ್ಲಗೆ ಕಣೆ, ಹೊಟ್ಟೆ!" ಎಂದು ಅತ್ತೆ ಗದರಿದರು. ಆಮೇಲೆ ಒಳಗೆ ಪರದೆಯ ಮುಂದೆ ನಿಂತು, ರೆಕಾರ್ಡ್ ಆಗಿದ್ದ ತಮ್ಮನ್ನೇ ನೋಡಿದರು. ಗ್ರಂಥಾಲಯದ ಮೌನ.

"ಕೂತಿದ್ದೂ ಬಂದಿದೆಯಲ್ಲ."

"ಬಂದಿದೆ ಅತ್ತೆ. ಬೇಡ ಅಂದ್ರೆ ಅಳಿಸಿಬಿಡ್ತೀನಿ."

"ಅಮ್ಮ, ಮಂಡಿ ವಾಸಿಯಾಗಿದೆ ಅಂದಿದ್ಯಲ್ಲ," ಎಂದಳು ನಾದಿನಿ ಸಣ್ಣ ದನಿಯಲ್ಲಿ.

ಅತ್ತೆ ಕನ್ನಡಕ ತೆಗೆದು ಒರೆಸಿದರು. "ತಿಂಗಳಿಂದ ನಂಗೆ ಸುಸ್ತಾಗೋದು ಹೇಗೆ ಅಂತ ಹೇಳ್ಕೊಡ್ತಿದ್ದೆ ನೀನು. ಹೀಗೆ ಕೂರು, ಹಾಗೆ ಏಳು ಅಂತ. ನಾಳೆ ಸುಮ್ಮನಿರು. ಮಂಡಿ ನಂದು, ಎಲ್ಲಿ ಕೂರಬೇಕು ಅಂತ ಅದಕ್ಕೆ ಗೊತ್ತು." ಆಮೇಲೆ ಸೊಸೆಯತ್ತ ತಿರುಗಿದರು. "ನೀನು ಕೆಳಗೇ ನಿಂತಿರ್ತೀಯಲ್ಲ?"

"ಕದಲಲ್ಲ ಅತ್ತೆ."

"ಅಳಿಸೋದು ಬೇಡ. ಆ ಕೂದಲಿನವನಿಗೆ ಬರಬೇಡ ಅಂತ ಹೇಳು," ಎಂದರು ಮಗಳಿಗೆ.

ಅಂಗಡಿಯವನು ಕೊನೆಯದಾಗಿ ಎಚ್ಚರಿಸಿದ. "ನೀವು ಶೂಟಿಂಗ್ ಮಾಡೋ ಮೆಟ್ಟಿಲ ಹತ್ರ ಬೆಳಕಿದೆಯಾ? ಮಬ್ಬಾಗುತ್ತೆ ಅಂತ ಹೇಳಿದೀನಿ."

"ಪ್ರತಿ ತಿರುವಲ್ಲೂ ಕಿಟಕಿ ಇದೆ," ಎಂದಳು ಅವಳು. "ಬೆಳಿಗ್ಗೆ ಹೊತ್ತು ಬಿಸಿಲು ನೇರ ಒಳಗೆ ಬರುತ್ತೆ. ಇದನ್ನೇ ಕಟ್ಟಿಕೊಡಿ."

ಮರುದಿನ ಬೆಳಿಗ್ಗೆ ನಾದಿನಿ ತಿರುವಿನ ಕಿಟಕಿಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ ಬಂದು, ಕೆಳಗೆ ಅತ್ತಿಗೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಯಾವುದೋ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ಕಾಲು ಅಗಲಿಸಿ, ಬೆನ್ನನ್ನು ತಣ್ಣನೆಯ ಗೋಡೆಗೆ ಕೊಟ್ಟು, ಕ್ಯಾಮೆರಾ ಎತ್ತಿದಳು. ಮೇಲೆ, ಬಿಸಿಲು ಬಿದ್ದಲ್ಲಿ ಧೂಳು ನಿಧಾನವಾಗಿ ತಿರುಗುತ್ತಿತ್ತು. ನಾಲ್ಕನೇ ಮಹಡಿಯಲ್ಲಿ ಒಂದು ಬಾಗಿಲು ತೆರೆದುಕೊಂಡಿತು.